ಲಟ್ಟಣಿಗೆಗೆ ಕಚ್ಚಿಕೊಂಡ ರಾಕೆಟ್ಟು

ಪೆಟ್ಟಿಗೆಯ ಮೇಲೆ ‘ಜೋಡಿಸುವುದು ಬಲು ಸುಲಭ’ ಎಂದು ಅಚ್ಚು ಹಾಕಿರುವ ಯಾವುದನ್ನೂ ನಾನು ಈವರೆಗೆ ಸುಲಭವಾಗಿ ಜೋಡಿಸಿದ್ದಿಲ್ಲ. ನೀವೂ ಜೋಡಿಸಿರಲಿಕ್ಕಿಲ್ಲ, ಮರ್ಯಾದೆಗೆ ಅಂಜಿ ಸುಮ್ಮನಿದ್ದೀರಿ, ಅಷ್ಟೆ. ಪುಸ್ತಕದ ಕಪಾಟು ನಿಲ್ಲಿಸಿ ಆದ ಮೇಲೆ ಕೈಯಲ್ಲಿ ಒಂದು ಹಿಡಿ ಸ್ಕ್ರೂ ಉಳಿಯುತ್ತದಲ್ಲ, ಅದನ್ನು ಮೆಲ್ಲಗೆ ಜೇಬಿಗಿಳಿಸಿ, ‘ಕಂಪನಿಯೋರು ಎಕ್ಸ್‌ಟ್ರಾ ಹಾಕಿರ್ತಾರೆ ಕಣೇ’ ಎಂದು ಹೆಂಡತಿಗೆ ಹೇಳಿದ ಗಂಡಸರದೊಂದು ಸಂಘವಿದ್ದರೆ, ಅದರ ಆಜೀವ ಅಧ್ಯಕ್ಷನಾಗುವ ಅರ್ಹತೆ ನನಗಿದೆ. ಆದರೂ ಕಪಾಟಿನಲ್ಲಿ ಒಂದು ಅನುಕೂಲವುಂಟು. ವಾಲಿದರೆ ಗೋಡೆಗೆ ಒರಗಿಸಬಹುದು. ರಾಕೆಟ್ಟು ವಾಲಿದರೆ ಒರಗಿಸಲು ಆಕಾಶದಲ್ಲಿ ಗೋಡೆ ಇರುವುದಿಲ್ಲ.

ಈ ಜ್ಞಾನೋದಯ ನನಗಾದದ್ದು ಅಮೆರಿಕದ ಡೆನ್ವರಿನಲ್ಲಿ, ಮಗನ ಮನೆಯ ಊಟದ ಮೇಜಿನ ಮುಂದೆ. ಬ್ಯಾಂಕಿನಿಂದ ನಿವೃತ್ತನಾದ ಮೈಸೂರಿನ ಮನುಷ್ಯ ಮಗನ ಮನೆಗೆಂದು ಅಮೆರಿಕಕ್ಕೆ ಹೋದರೆ ಅಲ್ಲಿ ಅವನಿಗೆ ಇರುವ ಕೆಲಸವೇನು ಹೇಳಿ? ಬೆಳಿಗ್ಗೆ ವಾಕಿಂಗು, ಮಧ್ಯಾಹ್ನ ನಿದ್ದೆ, ಮಿಕ್ಕ ಹೊತ್ತೆಲ್ಲ ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುವ ಮಾತುಗಳು. ಅಂಥ ಹೊತ್ತಿನಲ್ಲಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಯಾರೋ ಮಾಡೆಲ್ ರಾಕೆಟ್ಟಿನ ಕಿಟ್ ಉಡುಗೊರೆ ಕೊಟ್ಟರು. ಮಗ ಕೆಲಸದ ಮೇಲೆ ಊರಾಚೆ. ಸೊಸೆ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿ. ಹುಡುಗ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದು, ‘ಅಪ್ಪ ಬರೋವರೆಗೂ ಕಾಯ್ಬೇಕಾ ತಾತ?’ ಅಂದ. ‘ಹೌದು ಮಗು’ ಎಂದುಬಿಟ್ಟಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

‘ಕಾಯೋದ್ಯಾಕೆ? ರಾಕೆಟ್ಟು ಅಂದ್ರೇನೇ ನಮ್ಮೂರಿಂದು ಕಣೋ!’ ಅಂದೆ.

ಅಲ್ಲಿಂದ ನನ್ನ ಉಪನ್ಯಾಸ ಹೊರಟಿತು. ಹೈದರ್, ಟಿಪ್ಪು ಕಾಲದಲ್ಲಿ ಮೈಸೂರಿನವರು ಕಬ್ಬಿಣದ ಕೊಳವೆಗೆ ಮದ್ದು ತುಂಬಿದ್ದು; ಕಬ್ಬಿಣ ಒಳಗಿನ ಒತ್ತಡವನ್ನು ತಡೆದುಕೊಂಡಿದ್ದರಿಂದಲೇ ಬಾಣ ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತಿದ್ದದ್ದು; 1780ರಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಗೆ ಅದರ ಬಿಸಿ ಮುಟ್ಟಿದ್ದು; 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಬಾಣಗಳು ಇಂಗ್ಲೆಂಡಿಗೆ ಹೋಗಿ, ಅವನ್ನು ನೋಡಿಕೊಂಡೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ್ದು; 2018ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕಿ ಬಾಣಗಳು ಹೊರಬಂದದ್ದು, ಒಂದನ್ನೂ ಬಿಡಲಿಲ್ಲ. ‘1814ರಲ್ಲಿ ಬ್ರಿಟಿಷರು ನಿಮ್ಮ ಬಾಲ್ಟಿಮೋರಿನ ಕೋಟೆ ಮೇಲೆ ಬಿಟ್ಟದ್ದು ಆ ಕಾಂಗ್ರೀವ್ ರಾಕೆಟ್ಟೇ. ಸ್ಕೂಲಲ್ಲಿ ಎದೆ ಮೇಲೆ ಕೈಯಿಟ್ಟು ರಾಷ್ಟ್ರಗೀತೆ ಹಾಡ್ತೀಯಲ್ಲ, ಅದರಲ್ಲಿ ಬರೋ ರಾಕೆಟ್ಟಿನ ತವರು ಶ್ರೀರಂಗಪಟ್ಟಣ, ತಿಳ್ಕೋ!’ ಎಂದೆ. ಮಾತಿನ ರಭಸಕ್ಕೆ, ಇಸ್ರೋ ಕಚೇರಿ ಇರೋದೂ ನಮ್ಮ ಬೆಂಗಳೂರಲ್ಲೇ ಎಂದು ಸೇರಿಸಿದೆ. ಒಟ್ಟಿನಲ್ಲಿ ಮೈಸೂರಿನವನಿಗೆ ರಾಕೆಟ್ ವಿದ್ಯೆ ರಕ್ತದಲ್ಲೇ ಹರಿದು ಬಂದಿರುತ್ತದೆ ಎಂಬ ಧಾಟಿ. ನನ್ನ ರಕ್ತದಲ್ಲಿ ವಾಸ್ತವವಾಗಿ ಹರಿಯುತ್ತಿದ್ದದ್ದು ಸಕ್ಕರೆ. ಅದರ ಗುಳಿಗೆಯ ಹೊತ್ತೂ ಆಗಿತ್ತು.

ಹುಡುಗ ಬಾಯಿ ತೆರೆದು ಕೇಳುತ್ತಿದ್ದವನು, ‘ನೀನು ಎಷ್ಟು ರಾಕೆಟ್ ಮಾಡಿದ್ದೀಯ ತಾತ?’ ಅಂದ.

‘ಮೊದಲು ಕತ್ತರಿ ತಗೊಂಡು ಬಾ.’

ಪೆಟ್ಟಿಗೆಯಲ್ಲಿ ಉದ್ದನೆಯ ರಟ್ಟಿನ ಕೊಳವೆ, ಬಾಲ್ಸಾ ಮರದ ರೆಕ್ಕೆಗಳು, ಪ್ಲಾಸ್ಟಿಕ್ಕಿನ ಮೂತಿ, ಮಡಿಸಿಟ್ಟ ಪ್ಯಾರಚೂಟು ಇದ್ದವು. ಜೊತೆಗೊಂದು ಪುಟ್ಟ ಪೊಟ್ಟಣದಲ್ಲಿ ಎಂಜಿನ್ ಮೌಂಟಿನ ಸಾಮಾನು. ಈ ಮೌಂಟೇ ನನ್ನನ್ನು ನುಂಗಿ ನೀರು ಕುಡಿದದ್ದು. ಅದರ ಕೆಲಸ ದೊಡ್ಡದೇನಲ್ಲ. ಎಂಜಿನ್ ಎಂದರೆ 18 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದದ ಕಾಗದದ ಕೊಳವೆ. ಒಳಗೆ ಗಟ್ಟಿಯಾಗಿ ಒತ್ತಿ ತುಂಬಿದ ಕರಿಮದ್ದು, ಹಿಂಬದಿಗೆ ಬೆಂಕಿ ಹೊರಡಲು ಜೇಡಿಮಣ್ಣಿನ ಕಂಡಿ. ಒಂದು ಸಲ ಉರಿದರೆ ಮುಗಿಯಿತು, ಎಸೆದು ಹೊಸದು ಹಾಕಬೇಕು. ಈ ಸಣಕಲು ಎಂಜಿನ್ನು ದಪ್ಪ ರಾಕೆಟ್ಟಿನ ಹೊಟ್ಟೆಯಲ್ಲಿ ಲೊಡಲೊಡ ಅನ್ನದೆ ನಟ್ಟನಡುವೆ ನಿಲ್ಲಬೇಕಲ್ಲ, ಅದಕ್ಕೊಂದು ಒಳಗೊಳವೆ. ಅದಕ್ಕೆ ತೊಡಿಸಲು ಸೆಂಟರಿಂಗ್ ರಿಂಗ್ ಎಂಬ ಎರಡು ರಟ್ಟಿನ ಬಳೆ. ಎಂಜಿನ್ನು ಹಿಂದಕ್ಕೆ ಜಾರದಿರಲು ಸ್ಪ್ರಿಂಗ್ ಉಕ್ಕಿನ ಒಂದು ಕೊಕ್ಕೆ. ಮುಂದಕ್ಕೆ ನುಗ್ಗಿ ಪ್ಯಾರಚೂಟನ್ನೂ ಮೂತಿಯನ್ನೂ ಒದ್ದುಕೊಂಡು ಹೊರಟುಹೋಗದಿರಲು ಕೊಳವೆಯೊಳಗೊಂದು ದಪ್ಪ ಉಂಗುರ. ಇಷ್ಟೇ. ಎಲ್ಲ ಸೇರಿ ಐದು ಸಾಮಾನು, ಒಂದು ಬಾಟಲಿ ಅಂಟು.

ಹುಡುಗನೂ ಸುಮ್ಮನೆ ಇರುವವನಲ್ಲ, ತನಗೆ ಗೊತ್ತಿದ್ದ ಚರಿತ್ರೆ ಹೇಳಿದ. ಇಂಥ ಆಟದ ರಾಕೆಟ್ಟನ್ನು ಮೊದಲು ಮಾಡಿದ್ದು ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನಲ್ಲಿ ಬೂಟಿನ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್, 1954ರಲ್ಲಿ. ಆತನಿಗೆ ಪಟಾಕಿಯ ಗೀಳು, ಒಡಹುಟ್ಟಿದವನಿಗೆ ಮಾಡೆಲ್ ವಿಮಾನದ ಗೀಳು. ಮನೆಯಲ್ಲೇ ಮದ್ದು ಅರೆದು ರಾಕೆಟ್ಟು ಬಿಡಲು ಹೋಗಿ ಕೈ, ಕಣ್ಣು ಕಳೆದುಕೊಳ್ಳುತ್ತಿದ್ದ ಹುಡುಗರ ಕುರಿತು ಹ್ಯಾರಿ ಸ್ಟೈನ್ ಎಂಬವರು 1957ರಲ್ಲಿ ಬರೆದ ಲೇಖನ ಓದಿ, ತನ್ನದನ್ನು ಅವರಿಗೆ ಕಳಿಸಿಕೊಟ್ಟ. ಆಮೇಲೆ ಎಂಜಿನ್ನಿಗೆ ಮದ್ದು ತುಂಬುವ ಯಂತ್ರ ಕಟ್ಟಿದ್ದು ವರ್ನ್ ಎಸ್ಟೆಸ್. ಆ ಯಂತ್ರಕ್ಕೆ ಮೇಬಲ್ ಎಂದು ಹೆಸರು. ಕಟ್ಟಿದ್ದು ಇದೇ ಡೆನ್ವರಿನಲ್ಲಿ. ಕೇಳುತ್ತ ಕೇಳುತ್ತ ನನ್ನ ಎದೆ ಇನ್ನೆರಡಿಂಚು ಉಬ್ಬಿತು. ಬೂಟು ಮಾರುವವರಿಂದ ಆದದ್ದು ಬ್ಯಾಂಕಿನವನಿಂದ ಆಗದೆ? ಮೈಸೂರಿನ ರಕ್ತ, ಡೆನ್ವರಿನ ಮಣ್ಣು. ಇನ್ನೇನು ಬೇಕು!

ಬೇಕಾಗಿದ್ದದ್ದು ಸೂಚನೆಯ ಹಾಳೆ ಓದುವ ತಾಳ್ಮೆ. ಕನ್ನಡಕ ಮಹಡಿಯ ಮೇಲಿದೆ ಎಂಬುದು ನಾನು ಕೊಟ್ಟ ನೆಪ. ಸರ್ವೀಸಿಡೀ ಸುತ್ತೋಲೆಗಳನ್ನು ಓದದೆಯೇ ‘ನೋಡಿದೆ’ ಎಂದು ಸಹಿ ಹಾಕಿದ ಕೈ ಇದು ಎಂಬುದು ನಿಜ. ಹಾಳೆ ಹುಡುಗನ ಕೈಯಲ್ಲಿತ್ತು. ಒಳಗೊಳವೆಯ ಹಿಂತುದಿಯಿಂದ ಎರಡೂವರೆ ಇಂಚಿಗೆ ಗುರುತು ಹಾಕಿ, ಬ್ಲೇಡಿನಿಂದ ಸಣ್ಣ ಸೀಳು ಕೊಡಬೇಕು, ಕೊಕ್ಕೆಯ ಮೇಲ್ತುದಿ ಆ ಸೀಳಿನಲ್ಲಿ ಕೂರಬೇಕು ಎಂದು ಅವನು ಓದಿದ. ಅಳೆಯಲು ನನ್ನಾಕೆಯ ಬ್ಲೌಸಿನ ಟೇಪು ಸಿಕ್ಕಿತು. ಆ ಟೇಪಿನ ಒಂದು ಮಗ್ಗುಲಿಗೆ ಇಂಚು, ಇನ್ನೊಂದಕ್ಕೆ ಸೆಂಟಿಮೀಟರು. ನಾನು ಯಾವ ಮಗ್ಗುಲು ಹಿಡಿದೆ ಎಂದು ನೀವು ಕೇಳಬೇಕಾಗಿಲ್ಲ. ನನ್ನ ಜಾಗದಲ್ಲಿ ನೀವಿದ್ದರೂ ಅದನ್ನೇ ಹಿಡಿಯುತ್ತಿದ್ದಿರಿ.

ಕೊಕ್ಕೆ ಸಿಕ್ಕಿಸಿದಾಗ ಅದರ ಮುಕ್ಕಾಲು ಭಾಗ ಕೊಳವೆಯಾಚೆ ಗಾಳಿಯಲ್ಲಿ ನೇತಾಡುತ್ತಿತ್ತು. ಎಂಜಿನ್ ತೂರಿಸಿ ನೋಡಿದರೆ ಅದು ಹೆಬ್ಬೆರಳಿನ ಗೆಣ್ಣಿನಷ್ಟು ಒಳಹೋಗಿ, ಕೊಕ್ಕೆಗೆ ಡಿಕ್ಕಿ ಹೊಡೆದು ನಿಂತಿತು.

‘ತಾತ, ಇದು ಸೆಂಟಿಮೀಟರ್.’

‘ಗೊತ್ತು. ಒಂದು ಕಂಡಿ ಎಕ್ಸ್‌ಟ್ರಾ ಇರಲಿ, ಗಾಳಿ ಆಡತ್ತೆ.’

‘ರಾಕೆಟ್‌ಗೆ ಗಾಳಿ ಆಡ್ಬೇಕಾ?’

‘ಅದು ಮೈಸೂರು ಪದ್ಧತಿ.’

ಸರಿಯಾದ ಜಾಗದಲ್ಲಿ ಇನ್ನೊಂದು ಸೀಳು ಕೊಟ್ಟೆ. ಈಗ ಕೊಕ್ಕೆಯನ್ನು ಮೊದಲ ಸೀಳಿನಿಂದ ಬಿಡಿಸಬೇಕು. ಸ್ಪ್ರಿಂಗ್ ಉಕ್ಕು, ಮೆಲ್ಲಗೆ ಜಾರಿಸಿದರೆ ಬರುತ್ತಿತ್ತು. ನಾನು ಅದರ ಬಾಲ ಹಿಡಿದು ಮೀಟಿದೆ. ಟಿಣ್ ಎಂದದ್ದಷ್ಟೇ ಕೇಳಿಸಿತು. ಆ ದಿನ ನನ್ನ ಕೈಯಿಂದ ನಿಜಕ್ಕೂ ಹಾರಿದ್ದು ಅದೊಂದೇ, ಮತ್ತು ಅದು ಹಾರಿದ ವೇಗ ನೋಡಿದರೆ ರಾಕೆಟ್ಟಿಗೆ ಕೊಕ್ಕೆಯೇ ಸಾಕಿತ್ತು, ಎಂಜಿನ್ನಿನ ಅಗತ್ಯವಿರಲಿಲ್ಲ. ನಾವಿಬ್ಬರೂ ನೆಲಕ್ಕೆ ಕೆನ್ನೆಯಿಟ್ಟು ಸೋಫಾದಡಿ, ಶೂ ಸ್ಟ್ಯಾಂಡಿನಡಿ, ದೇವರ ಗೂಡಿನಡಿ ಇಣುಕಿದೆವು. ಹುಡುಗನಿಗೇ ಉಪಾಯ ಹೊಳೆಯಿತು. ಫ್ರಿಜ್ಜಿನ ಬಾಗಿಲಿಗೆ ನಾವೇ ಊರಿಂದ ತಂದು ಅಂಟಿಸಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ, ಫ್ರಿಜ್ಜಿನ ಹಿಂದೆ ಇಳಿಬಿಟ್ಟ. ಅರಮನೆ ಮೇಲೆ ಬಂದಾಗ ಅದಕ್ಕೆ ಕೊಕ್ಕೆ ಕಚ್ಚಿಕೊಂಡಿತ್ತು. ಜೊತೆಗೆ ಎರಡು ಸೇಫ್ಟಿಪಿನ್ನು, ಸೊಸೆ ಹುಡುಕಿ ಹುಡುಕಿ ಕೈಬಿಟ್ಟಿದ್ದ ಒಂದು ಬೀಗದ ಕೈಯೂ ಬಂದವು. ‘ನೋಡಿದ್ಯಾ, ಮೈಸೂರು ಪದ್ಧತಿ!’ ಎಂದೆ. ಈ ಸಲ ಹುಡುಗ ನನ್ನನ್ನು ಸ್ವಲ್ಪ ಹೊತ್ತು ನೋಡಿದ, ಮಾತಾಡಲಿಲ್ಲ.

ಮುಂದಿನದು ದಪ್ಪ ಉಂಗುರ. ಕೊಳವೆಯ ಮುಂಬದಿಯಿಂದ ಒಳಗೆ ಅಂಟು ಸವರಿ, ಉಂಗುರವನ್ನು ಕೊಕ್ಕೆಯ ತುದಿ ತಗಲುವವರೆಗೆ ತಳ್ಳಬೇಕು. ತಳ್ಳಲು ಪೆನ್ಸಿಲ್ ತೆಗೆದುಕೋ ಎಂದ ಹುಡುಗ. ದೇವರು ಬೆರಳು ಕೊಟ್ಟಿರುವಾಗ ಪೆನ್ಸಿಲ್ ಯಾಕೆ? ಉಂಗುರದ ಬೆರಳಿನಿಂದ ತಳ್ಳಿದೆ. ಬೆರಳು ಹೋಯಿತು, ಉಂಗುರವೂ ಹೋಯಿತು. ಬೆರಳು ಹಿಂದಕ್ಕೆ ಬಂತು, ಉಂಗುರವೂ ಹಿಂದಕ್ಕೆ ಬಂತು, ಬೆರಳಿಗೆ ಬಿಗಿಯಾಗಿ ತೊಟ್ಟುಕೊಂಡು. ಶ್ರಾದ್ಧಕ್ಕೆ ಕೂತವನ ದರ್ಭೆಯ ಪವಿತ್ರದ ಹಾಗೆ ಅದು ನನ್ನ ಬಲಗೈಯ ಅನಾಮಿಕದಲ್ಲಿ ವಿರಾಜಮಾನವಾಗಿತ್ತು. ಎಳೆದೆ, ತಿರುವಿದೆ, ಬಾಯಲ್ಲಿ ಕಚ್ಚಿದೆ. ಅಂಟು ಮರಗೆಲಸದ್ದು, ಚರ್ಮಕ್ಕೂ ಮರಕ್ಕೂ ಭೇದ ಎಣಿಸುವ ಜಾತಿಯಲ್ಲ. ಅಡುಗೆಮನೆಗೆ ಹೋಗಿ ಮೆಲ್ಲಗೆ ಕೊಬ್ಬರಿಎಣ್ಣೆ ಕೇಳಿದೆ. ನನ್ನಾಕೆ ಕೈ ನೋಡಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು. ‘ಇವತ್ತು ಯಾರ ತಿಥಿ ರೀ?’ ಅಂದಳು. ‘ರಾಕೆಟ್ಟಿಂದು’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬಿಸಿನೀರು, ಎಣ್ಣೆ, ಒಂದಿಷ್ಟು ಚರ್ಮ ಖರ್ಚಾಗಿ ಉಂಗುರ ಹೊರಬಂತು. ಕೊನೆಗೆ ಪೆನ್ಸಿಲ್ಲಿನಿಂದಲೇ ತಳ್ಳಿದ್ದು. ಹುಡುಗ ತಳ್ಳಿದ.

ಆಮೇಲೆ ಬಳೆಗಳು. ಎರಡರಲ್ಲಿ ಒಂದಕ್ಕೆ ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ, ಕೊಕ್ಕೆ ಆ ಕಚ್ಚಿನೊಳಗೆ ಆಡಿಕೊಂಡಿರಲಿ ಎಂದು. ಕೊಕ್ಕೆಯ ಬಾಲವನ್ನು ಬೆರಳಿನಿಂದ ಎತ್ತಿದರೆ ಎಂಜಿನ್ನು ಒಳಹೋಗಬೇಕು, ಬಿಟ್ಟರೆ ಹಿಡಿದುಕೊಳ್ಳಬೇಕು. ಅದರ ಜಾಣತನವೆಲ್ಲ ಇರುವುದು ಆ ಬಾಗುವಿಕೆಯಲ್ಲಿ. ನನಗೆ ಅದು ಸಡಿಲ ಕಂಡಿತು. ಆಕಾಶಕ್ಕೆ ಹೋಗುವ ವಸ್ತು, ಹೀಗೆ ಅಲ್ಲಾಡಬಹುದೆ? ಅಂಟುಟೇಪು ತೆಗೆದುಕೊಂಡು ಕೊಕ್ಕೆಯನ್ನು ನಡುವಿನಿಂದ ಬಾಲದವರೆಗೂ ಸುತ್ತಿದೆ. ಸುತ್ತಿ, ಮೇಲೆ ಅಂಟು ಬಳಿದೆ. ಬಳಿದು, ಅದರ ಮೇಲೆ ಮತ್ತೆ ಸುತ್ತಿದೆ. ಈಗ ಕೊಕ್ಕೆ ಸರ್ಕಾರಿ ಕಟ್ಟಡದ ಕಿಟಕಿಗಿಂತ ಬಿಗಿಯಾಗಿತ್ತು. ‘ಎಂಜಿನ್ ಒಳಗೆ ಹೇಗೆ ಹೋಗತ್ತೆ ತಾತ?’ ಎಂದ ಹುಡುಗ. ‘ಅದು ಆಮೇಲಿನ ಮಾತು’ ಎಂದೆ. ಈ ವಾಕ್ಯವನ್ನು ಹೇಳಿದ ಯಾವ ಗಂಡಸಿಗೂ ಒಳ್ಳೆಯದಾದದ್ದು ನಾನು ಕಂಡಿಲ್ಲ, ನೀವು ಕಂಡಿದ್ದರೆ ತಿಳಿಸಿ.

ಇನ್ನು ಮುಖ್ಯ ಘಟ್ಟ. ಸಿದ್ಧವಾದ ಮೌಂಟನ್ನು ರಾಕೆಟ್ಟಿನ ದೊಡ್ಡ ಕೊಳವೆಯೊಳಕ್ಕೆ ಕೂರಿಸುವುದು. ಹುಡುಗ ಇಲ್ಲಿ ಹಾಳೆಯನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿದ: ಒಳಗೋಡೆಗೆ ಅಂಟು ಬಳಿಯಿರಿ, ಮೌಂಟನ್ನು ಒಂದೇ ಓಟದಲ್ಲಿ ಒಳಕ್ಕೆ ತಳ್ಳಿರಿ, ನಡುವೆ ನಿಲ್ಲಿಸಬೇಡಿರಿ. ನಿಲ್ಲಿಸಬಾರದ್ದು ಯಾಕೆಂದರೆ, ಬಳೆಗೂ ಕೊಳವೆಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅಂಟಿನಲ್ಲಿರುವ ನೀರನ್ನು ರಟ್ಟು ಕುಡಿಯುತ್ತದೆ, ಕುಡಿದು ಊದಿಕೊಳ್ಳುತ್ತದೆ, ಸಂದು ಮುಚ್ಚಿಹೋಗುತ್ತದೆ. ಚಲಿಸುತ್ತಿರುವಷ್ಟು ಹೊತ್ತು ಜಾರುತ್ತದೆ. ನಿಂತರೆ ಕಚ್ಚಿಕೊಂಡಿತೆಂದೇ ಲೆಕ್ಕ. ಡೆನ್ವರಿನ ಒಣಹವೆಯಲ್ಲಿ ಅದಕ್ಕೂ ಕಾಯುವುದಿಲ್ಲ ಎಂದು ನಾನು ಇಂದಿಗೂ ವಾದಿಸುತ್ತೇನೆ.

ಅಂಟನ್ನು ಧಾರಾಳವಾಗಿ ಹೊಯ್ದೆ. ಮೌಂಟನ್ನು ಕೊಳವೆಯ ಬಾಯಿಗೆ ಹಿಡಿದೆ. ತಳ್ಳಲು ಶುರುಮಾಡಿದೆ. ಬೆಣ್ಣೆಯಲ್ಲಿ ಇಳಿಯುತ್ತಿದೆ ಎನ್ನುವಾಗ ಅಡುಗೆಮನೆಯಿಂದ, ‘ಏನೂಂದ್ರೆ, ಕಾಫಿ ಈಗ್ಲೇ ಕೊಡ್ಲಾ, ಆಮೇಲಾ?’ ಎಂಬ ಪ್ರಶ್ನೆ ಬಂತು. ಮೈಸೂರಿನವನು ಕಾಫಿಯ ಪ್ರಶ್ನೆಗೆ ಕೆಲಸ ನಿಲ್ಲಿಸದೆ ಉತ್ತರ ಕೊಟ್ಟದ್ದುಂಟೆ? ನಿಲ್ಲಿಸಿ, ತಲೆಯೆತ್ತಿ, ‘ಈಗ್ಲೇ’ ಎಂದೆ. ಅಷ್ಟೇ ಸಾಕಾಯಿತು. ಮೌಂಟು ಅರ್ಧ ಒಳಗೆ, ಅರ್ಧ ಹೊರಗೆ ನಿಂತು ಕಲ್ಲಾಯಿತು. ತಳ್ಳಿದರೆ ಹೋಗದು, ಎಳೆದರೆ ಬಾರದು. ಹುಡುಗ ಹಾಳೆಯನ್ನು ನಿಧಾನವಾಗಿ ಮಡಿಸಿ ಮೇಜಿನ ಮೇಲಿಟ್ಟ.

ಬುದ್ಧಿವಂತನಾದವನು ಅಲ್ಲಿಗೆ ಕೈಬಿಟ್ಟು ಕಾಫಿ ಕುಡಿಯುತ್ತಿದ್ದ. ನಾನು ಕಾಫಿಯನ್ನು ಪಕ್ಕಕ್ಕಿಟ್ಟು ಲಟ್ಟಣಿಗೆ ತಂದೆ. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಲಗಿ ಬಂದ ಲಟ್ಟಣಿಗೆ ಅದು. ಅದರ ಹಿಡಿ ಕೊಳವೆಯ ಬಾಯಿಗೆ ಹೇಳಿ ಮಾಡಿಸಿದಂತಿತ್ತು. ರಾಕೆಟ್ಟನ್ನು ಗೋಡೆಗೆ ಊರಿ, ಲಟ್ಟಣಿಗೆಯ ಹಿಡಿಯನ್ನು ಮೌಂಟಿಗೆ ಆನಿಸಿ, ಮನೆದೇವರು ನಂಜುಂಡೇಶ್ವರನನ್ನು ನೆನೆದು ಮೈಭಾರ ಬಿಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಆಗಬೇಕಾದ್ದೆಲ್ಲ ಒಟ್ಟಿಗೇ ಆಯಿತು. ಮೌಂಟು ಸರಕ್ಕನೆ ಕಚ್ಚು ಬಿಟ್ಟು, ನಿಲ್ಲಬೇಕಾದ ಜಾಗವನ್ನು ದಾಟಿ, ಗೇಣುದ್ದ ಆಳಕ್ಕೆ ಹೋಗಿ ಅಲ್ಲಿ ಮತ್ತೆ ಕಚ್ಚಿಕೊಂಡಿತು. ಅದರ ಹಿಂದೆಯೇ ಲಟ್ಟಣಿಗೆಯ ಹಿಡಿಯೂ ಬುಡದವರೆಗೆ ನುಗ್ಗಿತು. ನಾನು ಧಾರಾಳವಾಗಿ ಹೊಯ್ದಿದ್ದ ಅಂಟು ಅದನ್ನೂ ಪ್ರೀತಿಯಿಂದ ಅಪ್ಪಿಕೊಂಡಿತು.

ನನಗೆ ಸಕ್ಕರೆ ಕಾಯಿಲೆ, ರಾತ್ರಿ ಅನ್ನ ಇಲ್ಲ. ಆ ಮನೆಯಲ್ಲಿ ಇರುವುದು ಒಂದೇ ಲಟ್ಟಣಿಗೆ. ನನ್ನಾಕೆ ಒಂದು ಮಾತೂ ಆಡದೆ ರಾಕೆಟ್ಟು ಸಮೇತ ಅದನ್ನು ತೆಗೆದುಕೊಂಡು ಹೋಗಿ ಚಪಾತಿ ಒತ್ತಲು ನಿಂತಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಲಟ್ಟಣಿಗೆ ಒಂದು ಸುತ್ತು ಉರುಳಿದರೆ ರಾಕೆಟ್ಟೂ ಒಂದು ಸುತ್ತು ಉರುಳುತ್ತಿತ್ತು. ಮೊದಲ ಚಪಾತಿಗೆ ಉಪ್ಪಿನ ಡಬ್ಬಿ ಬಿತ್ತು, ಎರಡನೆಯದಕ್ಕೆ ಎಣ್ಣೆಯ ಬಟ್ಟಲು. ಸರಿಯಾಗಿ ಅದೇ ಹೊತ್ತಿಗೆ ಸೊಸೆ ನೀರು ಕುಡಿಯಲೆಂದು ಲ್ಯಾಪ್‌ಟಾಪನ್ನು ಕೈಯಲ್ಲೇ ಹಿಡಿದು ಇಳಿದುಬಂದಳು, ಕ್ಯಾಮೆರಾ ಚಾಲೂ ಇತ್ತು. ಮೀಟಿಂಗಿನಲ್ಲಿದ್ದ ಅಷ್ಟೂ ಜನ, ಸೀರೆಯುಟ್ಟ ಹಿರಿಯರೊಬ್ಬರು ಗಂಭೀರ ಮುಖದಿಂದ ರಾಕೆಟ್ಟಿನಲ್ಲಿ ರೊಟ್ಟಿ ಒತ್ತುತ್ತಿರುವುದನ್ನು ಕಂಡರು. ಅವರಲ್ಲೊಬ್ಬರು ಬಹಳ ಗೌರವದಿಂದ, ಇದು ನಿಮ್ಮ ಕಡೆಯ ಸಂಪ್ರದಾಯವೆ ಎಂದು ವಿಚಾರಿಸಿದರಂತೆ. ‘ಹೌದು ಅಂದ್ಬಿಟ್ಟೆ ಮಾವ, ಇನ್ನೇನು ಹೇಳ್ಲಿ?’ ಎಂದಳು ಸೊಸೆ. ಮೈಸೂರು ಪದ್ಧತಿ ಹೀಗೆ ಅಧಿಕೃತವಾಯಿತು.

ಊಟವಾದ ಮೇಲೆ ರಾಕೆಟ್ಟಿನ ತುದಿ ನಾನು ಹಿಡಿದು, ಲಟ್ಟಣಿಗೆಯ ತುದಿ ನನ್ನಾಕೆ ಹಿಡಿದು ಎಳೆದಾಡಿ ಎರಡನ್ನೂ ಬೇರೆ ಮಾಡಿದೆವು. ಮೌಂಟು ಮಾತ್ರ ಆಳದಲ್ಲಿ ತಣ್ಣಗೆ ಕೂತಿತ್ತು. ಹುಡುಗನಿಗೆ ಅವನಮ್ಮ ಬೇರೆ ಕಿಟ್ ತರಿಸಿಕೊಟ್ಟಳು. ಅವನು ಹಾಳೆಯ ಒಂದೊಂದು ಸಾಲಿಗೂ ಟಿಕ್ ಹಾಕುತ್ತ, ಒಂದು ಮಧ್ಯಾಹ್ನ ನಾನು ನಿದ್ದೆ ಮಾಡಿ ಏಳುವುದರೊಳಗೆ ಜೋಡಿಸಿ ಮುಗಿಸಿದ. ಪಾಪ, ದೊಡ್ಡ ಮನಸ್ಸು ಮಾಡಿ ನನ್ನದಕ್ಕೂ ರೆಕ್ಕೆ ಅಂಟಿಸಿಕೊಟ್ಟ. ನಾನು ಸುಮ್ಮನಿರಬೇಕಿತ್ತು. ಇರದೆ, ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಕನ್ನಡದಲ್ಲಿ ‘ಮೈಸೂರು’ ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು. ಇಡೀ ರಾಕೆಟ್ಟಿನಲ್ಲಿ ಚೆನ್ನಾಗಿ ಬಂದದ್ದು ಅದೊಂದೇ.

ಊರಾಚೆಯ ಹುಲ್ಲುಬಯಲಿನಲ್ಲಿ ರಾಕೆಟ್ ಹವ್ಯಾಸಿಗಳು ರಜಾದಿನ ಸೇರುತ್ತಾರೆ. ಮಕ್ಕಳು, ಮುದುಕರು, ನಾಯಿಗಳು, ಮಡಿಸುವ ಕುರ್ಚಿಗಳು, ಮೈಕು, ಅಪ್ಪಟ ಜಾತ್ರೆ. ಹಾರಿಸುವ ಮುಂಚೆ ಪ್ರತಿಯೊಂದನ್ನೂ ರೇಂಜ್ ಸೇಫ್ಟಿ ಆಫೀಸರ್ ಎಂಬ ಹಿರಿಯರು ಪರೀಕ್ಷೆ ಮಾಡುತ್ತಾರೆ: ರೆಕ್ಕೆ ಅಲ್ಲಾಡುತ್ತದೆಯೆ, ಎಂಜಿನ್ನು ಭದ್ರವೆ ಎಂದು. ನಮ್ಮದು ಬಿ6-4 ಎಂಜಿನ್ನು. ಬಿ ಎಂದರೆ ಒಟ್ಟು ಶಕ್ತಿಯ ದರ್ಜೆ, ಎ ದರ್ಜೆಯ ಇಮ್ಮಡಿ. 6 ಎಂದರೆ ಸರಾಸರಿ ಆರು ನ್ಯೂಟನ್ ನೂಕುಬಲ. 4 ಎಂದರೆ ಮದ್ದು ಉರಿದಾದ ನಾಲ್ಕು ಸೆಕೆಂಡಿಗೆ ಸಣ್ಣ ಸಿಡಿತವಾಗಿ ಪ್ಯಾರಚೂಟು ಹೊರಬರುತ್ತದೆ. ಇದನ್ನು ನನ್ನ ರಾಕೆಟ್ಟಿನೊಳಗೆ ಸೇರಿಸಲು ಹುಡುಗ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಮೀಟಿ, ನನ್ನ ಮರ್ಯಾದೆಯ ಟೇಪುಗಳನ್ನೆಲ್ಲ ಹರಿದು, ಅಂತೂ ತೂರಿಸಿದ್ದ. ಹೋದದ್ದು ಹೋಯಿತು, ಇನ್ನು ಬರುವ ಮಾತಿರಲಿಲ್ಲ.

ಆಫೀಸರು ಹುಡುಗನ ರಾಕೆಟ್ಟನ್ನು ಕ್ಷಣದಲ್ಲಿ ಪಾಸು ಮಾಡಿದರು. ನನ್ನದನ್ನು ತಿರುಗಿಸಿ, ಬಾಲದೊಳಕ್ಕೆ ಟಾರ್ಚು ಬಿಟ್ಟು, ಬಹಳ ಹೊತ್ತು ನೋಡಿದರು. ಒಂದು ಕಣ್ಣಿನಿಂದ ನೋಡಿದರು, ಇನ್ನೊಂದರಿಂದ ನೋಡಿದರು. ಆಮೇಲೆ ಬಹು ಸಮಾಧಾನದಿಂದ ನನಗೆ ಪಾಠ ಹೇಳಿದರು. ಎಂಜಿನ್ನಿನ ಕಂಡಿ ಕೊಳವೆಯ ಅಂಚಿಗೆ ಇರಬೇಕು. ಕೊಳವೆಯ ಅಗಲಕ್ಕಿಂತ ಆಳಕ್ಕೆ ಕೂತುಬಿಟ್ಟರೆ, ಹೊರಟ ಬಿಸಿ ಅನಿಲ ಕೊಳವೆಯೊಳಗೇ ಹರಡಿ ನೂಕುಬಲ ಸೋರಿಹೋಗುತ್ತದೆ. ಇದಕ್ಕೆ ಕ್ರುಶ್ನಿಕ್ ಪರಿಣಾಮ ಎನ್ನುತ್ತಾರೆ. ಸದ್ದು ಭಯಂಕರ ಬರುತ್ತದೆ, ಏರುವುದು ಮಾತ್ರ ಅಷ್ಟಕ್ಕಷ್ಟೆ. ಸದ್ದು ಜೋರು, ಏರುವುದು ಅಷ್ಟಕ್ಕಷ್ಟೆ! ನನ್ನನ್ನು ಕಾಣದೆಯೇ ಅಮೆರಿಕದಲ್ಲಿ ಯಾರೋ ನನ್ನ ಮೇಲೆ ಸಂಶೋಧನೆ ಮಾಡಿ ಹೆಸರಿಟ್ಟುಬಿಟ್ಟಿದ್ದರು.

ಪಾಠ ಮುಗಿಸಿ ಅವರು, ಕೊಳವೆಯ ಮೇಲೆ ಬರೆದಿರುವುದೇನು ಎಂದು ಕೇಳಿದರು. ‘ಮೈಸೂರು’ ಎಂದೆ. ಆ ಹಿರಿಯರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಎರಡೂ ಕೈಯಿಂದ ನನ್ನ ಕೈ ಕುಲುಕಿದರು. ಟಿಪ್ಪು, ಕಬ್ಬಿಣದ ಕೊಳವೆ, ಕಾಂಗ್ರೀವ್, ಎಲ್ಲವೂ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಪಕ್ಕದವರನ್ನು ಕರೆದು ತೋರಿಸಿದರು. ಅವರು ಇನ್ನಿಬ್ಬರನ್ನು ಕರೆದರು. ಯಾರೋ ನನ್ನ ಜೊತೆ ಫೋಟೋ ತೆಗೆಸಿಕೊಂಡರು. ಮೈಕಿನವರು, ರಾಕೆಟ್ಟಿನ ತವರೂರಿನಿಂದಲೇ ಒಬ್ಬರು ಇವತ್ತು ನಮ್ಮ ನಡುವೆ ಬಂದಿದ್ದಾರೆ ಎಂದು ಬಯಲಿಗೆಲ್ಲ ಸಾರಿಬಿಟ್ಟರು. ಚಪ್ಪಾಳೆ ಬಿತ್ತು. ಟಿಪ್ಪುವಿನ ವಕೀಲನಾಗಿ ಬಂದವನು ನಾನೇ ಎಂಬ ಠೀವಿಯಲ್ಲಿ ನಾನೂ ಕೈಯೆತ್ತಿದೆ. ಹುಡುಗ ನನ್ನ ಅಂಗಿಯ ಚುಂಗು ಹಿಡಿದು, ‘ತಾತ, ನಿಂದು ಹಾರಿಸೋದು ಬೇಡ, ಫೋಟೋ ಸಾಕು’ ಎಂದು ಪಿಸುಗುಟ್ಟಿದ. ಎಂಥ ಒಳ್ಳೆಯ ಸಲಹೆ! ಅದನ್ನು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೊದಲು ಹುಡುಗನದು ಹೋಯಿತು. ಸುಯ್ ಎಂದದ್ದೇ, ಕಣ್ಣು ಎಟುಕದಷ್ಟು ಮೇಲೇರಿ, ಅಲ್ಲಿ ಪ್ಯಾರಚೂಟು ಬಿಚ್ಚಿಕೊಂಡು, ಮೆಲ್ಲಗೆ ತೇಲುತ್ತ ಬಂತು. ನಂತರ ನನ್ನ ಸರದಿ. ಸಾಮಾನ್ಯವಾಗಿ ಇಂಥ ಸಣ್ಣ ಎಂಜಿನ್ನಿಗೆ 15 ಅಡಿ ದೂರ ನಿಂತರೆ ಸಾಕು. ನನ್ನದನ್ನು ಬಯಲಿನ ಅಂಚಿನ ಪ್ಯಾಡಿಗೆ ಒಯ್ದರು. ವಿಶೇಷ ಅತಿಥಿಗೆ ವಿಶೇಷ ವೇದಿಕೆ ಎಂದುಕೊಂಡೆ. ಮೈಕಿನಲ್ಲಿ ಏನೋ ಹೇಳಿದರು. ಹೇಳಿದ್ದೇ ತಡ, ಬಯಲಿನಲ್ಲಿ ಕೂತಿದ್ದ ಅಷ್ಟೂ ಜನ ಕುರ್ಚಿ ಬಿಟ್ಟು ಎದ್ದು ನಿಂತರು. ಮುದುಕರೂ ಎದ್ದರು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನಿಂತರು. ನನಗೆ ಗಂಟಲುಬ್ಬಿ ಬಂತು. ನಮ್ಮ ಮೈಸೂರಿಗೆ, ಎಷ್ಟೋ ಸಾವಿರ ಮೈಲಿಯಾಚೆ, ಇಂಥ ಗೌರವ! ನಾನು ನಾಲ್ಕೂ ದಿಕ್ಕಿಗೆ ತಿರುಗಿ ಕೈಮುಗಿದೆ.

‘ತಾತ, ಕೈ ಇಳಿಸು,’ ಎಂದ ಹುಡುಗ. ‘ಅವ್ರು ಹೇಳಿದ್ದು ಹೆಡ್ಸ್ ಅಪ್ ಅಂತ. ಈ ರಾಕೆಟ್ ಯಾರ ಮೇಲೆ ಬೀಳತ್ತೋ ಗೊತ್ತಿಲ್ಲ, ಎಲ್ಲರೂ ಎದ್ದು ಓಡೋಕೆ ರೆಡಿಯಾಗಿರಿ ಅಂತ.’

ಎಣಿಕೆ ಶುರುವಾಗಿತ್ತು. ಐದು, ನಾಲ್ಕು, ಮೂರು. ಗುಂಡಿ ಒತ್ತಿದೆ. ಆ ಸದ್ದನ್ನು ವರ್ಣಿಸಲು ನನ್ನಲ್ಲಿ ಶಬ್ದವಿಲ್ಲ. ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು. ಹೊಗೆ ಪ್ಯಾಡನ್ನು ಮುಚ್ಚಿತು. ಹೊಗೆಯೊಳಗಿಂದ ‘ಮೈಸೂರು’ ನಡುಗುತ್ತ, ಕೆಮ್ಮುತ್ತ, ಹೋಗಲೋ ಬೇಡವೋ ಎಂದು ಯೋಚಿಸುತ್ತ ಮೇಲೆದ್ದು, ಒಂದು ಎತ್ತರಕ್ಕೆ ಹೋಗಿ, ಇಷ್ಟು ಸಾಕೆಂದು ತೀರ್ಮಾನಿಸಿ ಮಗ್ಗುಲಾಗಿ, ಹುಲ್ಲಿನ ಮೇಲೆ ದಢಾರನೆ ಬಂದು ಮಲಗಿತು. ಎಲ್ಲರೂ ನಿಂತೇ ಇದ್ದರು, ಯಾರೂ ಉಸಿರಾಡಲಿಲ್ಲ. ಅಷ್ಟರಲ್ಲಿ ಆ ನಾಲ್ಕು ಸೆಕೆಂಡಿನ ಲೆಕ್ಕ ಮುಗಿಯಿತೆಂದು ಕಾಣುತ್ತದೆ. ಟುಸ್ ಎಂದು ಮೂತಿ ಕಳಚಿಕೊಂಡು, ಮಲಗಿದ್ದಲ್ಲಿಂದಲೇ ಪ್ಯಾರಚೂಟು ಹೊರಬಂದು ಹುಲ್ಲಿನ ಮೇಲೆ ಅಚ್ಚುಕಟ್ಟಾಗಿ ಹಾಸಿಕೊಂಡಿತು. ಅಮೆರಿಕದವರು ಒಳ್ಳೆಯ ಜನ, ಚಪ್ಪಾಳೆ ತಟ್ಟಿದರು. ಮೊದಲಿಗಿಂತ ಜೋರಾಗಿಯೇ ತಟ್ಟಿದರು. ಆಫೀಸರು ಬಂದು ನನ್ನ ಭುಜ ತಟ್ಟಿ, ಕಬ್ಬಿಣದ ಕೊಳವೆ ಬಿಟ್ಟು ರಟ್ಟಿಗೆ ಬಂದದ್ದರಿಂದ ಹೀಗಾಗಿರಬೇಕು ಎಂದರು.

ಮನೆಯಲ್ಲಿ ನನ್ನಾಕೆ ಮೊಮ್ಮಗನ ಫೋನಿನ ವಿಡಿಯೋದಲ್ಲಿ ಎಲ್ಲವನ್ನೂ ನೋಡಿಯಾಗಿತ್ತು. ಆದರೂ ನನ್ನ ಬಾಯಿಂದಲೇ ಬರಲಿ ಎಂದು, ‘ಎಷ್ಟು ಎತ್ತರ ಹೋಯ್ತು ರೀ?’ ಎಂದಳು.

‘ಒಂದು ತೆಂಗಿನಮರದಷ್ಟು ಹೋಯ್ತು ಕಣೇ.’

‘ಅಷ್ಟು ಎತ್ತರಕ್ಕೆ ನಮ್ಮೂರಲ್ಲಿ ಕಾಯಿ ಕೀಳೋನು ಕಾಲಿಗೆ ಹಗ್ಗ ಹಾಕ್ಕೊಂಡು ಹೋಗಿ ಬರ್ತಾನೆ. ಬರೋವಾಗ ಎರಡು ಕಾಯೀನೂ ತರ್ತಾನೆ,’ ಎಂದು ಲಟ್ಟಣಿಗೆ ತೊಳೆಯಲು ಹೋದಳು.